ಸೋಮವಾರದ ಕಿಲ್ಟ್

ಎಡಿನ್‌ಬರೋದಲ್ಲಿ ಸೋಮವಾರ ಬೆಳಿಗ್ಗೆ ಕಿಲ್ಟ್ ಉಟ್ಟು ಹಾಲು ತರಲು ಹೊರಟರೆ ದಾರಿಯಲ್ಲಿ ಸಿಕ್ಕವರು ಕೇಳುವ ಮೊದಲ ಮಾತು, "ಇವತ್ತು ಯಾರ ಮದುವೆ?" ಪ್ರವಾಸಿಗಳು ಕೇಳಿದ್ದರೆ ಸುಮ್ಮನಿರಬಹುದಿತ್ತು. ಇಲ್ಲೇ ಹುಟ್ಟಿ ಬೆಳೆದ ಸ್ಕಾಟರೇ ಹೀಗೆ ಕೇಳುತ್ತಾರೆ. ಅಂಗಡಿಯ ಹುಡುಗಿ, ಬಸ್ಸಿನ ಚಾಲಕ, ನಮ್ಮ ಕೆಳಮನೆಯ ನಿವೃತ್ತ ಮೇಷ್ಟರು, ಎಲ್ಲರಿಗೂ ಕಿಲ್ಟ್ ಕಂಡ ಕೂಡಲೇ ನೆನಪಾಗುವುದು ಚರ್ಚು, ಕ್ಯಾಮೆರಾ, ಕೋಟಿನ ಗುಂಡಿಗೆ ಸಿಕ್ಕಿಸಿದ ಹೂವು. ಜಗತ್ತೆಲ್ಲ ಸ್ಕಾಟ್ಲೆಂಡಿನ ಗುರುತೆಂದು ಹಿಡಿದಿರುವ ಉಡುಪಿಗೆ ಅದರ ತವರಿನಲ್ಲೇ ವಾರದ ದಿನಗಳಲ್ಲಿ ಜಾಗವಿಲ್ಲ. ನನಗೆ ಇದು ಸಣ್ಣ ವಿಷಯವಾಗಿ ಕಾಣುವುದಿಲ್ಲ. ದಿನಬಳಕೆಯಿಂದ ಹೊರಬಿದ್ದ ಉಡುಪಿಗೆ ಎಷ್ಟೇ ಗೌರವ ಸಿಕ್ಕರೂ ಅರ್ಧ ಜೀವ ಹೋದಂತೆಯೇ. ಅದಕ್ಕೇ ನಾನು ಕಿಲ್ಟನ್ನು ಕೆಲಸಕ್ಕೆ, ಪೇಟೆಗೆ, ಬೆಟ್ಟದ ನಡಿಗೆಗೆ ಉಡುತ್ತೇನೆ.

ನಾನು ತೀರ್ಥಹಳ್ಳಿ ಸೀಮೆಯವನು. ಜೂನಿನಲ್ಲಿ ಹಿಡಿದ ಮಳೆ ಗೌರಿಹಬ್ಬ ಬಂದರೂ ಬಿಡದ ಊರು. ನಾಟಿಯ ಕಾಲದಲ್ಲಿ ಆಳುಗಳು ಕಂಬಳಿಕೊಪ್ಪೆ ಹಾಕಿಕೊಂಡು, ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ಇಡೀ ದಿನ ನೀರಲ್ಲಿ ನಿಂತು ಕೆಲಸ ಮಾಡುತ್ತಿದ್ದರು. ನೆಂದರೂ ಉಣ್ಣೆ ಬೆಚ್ಚಗಿರುತ್ತದೆ, ನೆಂದ ಹತ್ತಿ ಮೈಗೆ ಅಂಟಿ ಚಳಿ ಹಿಡಿಸುತ್ತದೆ ಎಂಬುದನ್ನು ಅಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಕೆಲಸಕ್ಕೆಂದು ಈ ದೇಶಕ್ಕೆ ಬಂದ ಹೊಸದರಲ್ಲಿ ಫೋರ್ಟ್ ವಿಲಿಯಂ ಕಡೆಯ ಬೆಟ್ಟಗಳಲ್ಲಿ ನಡೆಯಲು ಹೋಗಿದ್ದೆ. ಮಳೆ ಹಿಡಿಯಿತು. ನನ್ನ ಪ್ಯಾಂಟು ತೊಡೆಯವರೆಗೆ ತೊಯ್ದು ಕಾಲಿಗೆ ಸುತ್ತಿಕೊಂಡಿತು, ಹೆಜ್ಜೆ ಕೀಳುವುದೇ ಕಷ್ಟವಾಯಿತು. ನಮ್ಮ ಗುಂಪಿನಲ್ಲಿದ್ದ ಹಿರಿಯರೊಬ್ಬರು ಮಾಸಿದ ಹಸಿರು ಕಿಲ್ಟ್ ಉಟ್ಟಿದ್ದರು. ಅವರ ಮೊಣಕಾಲಿನ ಮೇಲೆ ನೀರು ಇಳಿಯುತ್ತಿತ್ತು, ಅಷ್ಟೆ. ಮಳೆ ನಿಂತು ಸ್ವಲ್ಪ ಹೊತ್ತಿಗೆಲ್ಲ ಕಾಲು ಒಣಗಿತ್ತು, ಉಣ್ಣೆಯ ಹೊರಮೈಯಲ್ಲಿ ಮಾತ್ರ ಹನಿಗಳು ಕೂತಿದ್ದವು. ಅವರು ಒಮ್ಮೆ ಕೊಡವಿಕೊಂಡು ಮುಂದೆ ನಡೆದರು. ಈ ಬಟ್ಟೆ ಹುಟ್ಟಿದ್ದು ಏಕೆ ಎಂಬುದಕ್ಕೆ ಬೇರೆ ಪುಸ್ತಕ ಬೇಡವಾಯಿತು.

ಆದರೂ ಆಮೇಲೆ ಪುಸ್ತಕಗಳನ್ನು ಓದಿದೆ. ಓದಿದಷ್ಟೂ ಅವರು ಕೊಡವಿಕೊಂಡ ರೀತಿಯೇ ಸರಿ ಅನ್ನಿಸಿತು. 16ನೇ ಶತಮಾನದ ಕೊನೆಯ ಹೊತ್ತಿಗೆ ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆಯಾದ ಹೈಲ್ಯಾಂಡ್ಸಿನ ಗಂಡಸರು ಉಡುತ್ತಿದ್ದುದು ಅಳತೆಗೆ ಕತ್ತರಿಸಿ ಹೊಲಿಯದ ದೊಡ್ಡ ಉಣ್ಣೆಯ ಹಾಸು. ಮಗ್ಗದ ಅಗಲ ಸಾಲದೆಂದು ಎರಡು ಪಟ್ಟಿಗಳನ್ನು ಸೇರಿಸಿದ ಬಟ್ಟೆ. ಕೆಳಭಾಗವನ್ನು ನೆರಿಗೆ ಹಿಡಿದು ಸೊಂಟಕ್ಕೆ ಬೆಲ್ಟು ಬಿಗಿದರೆ ಮೊಣಕಾಲವರೆಗಿನ ಉಡುಗೆ. ಮೇಲೆ ಉಳಿದದ್ದನ್ನು ಹೆಗಲಿಗೆ ಹೊದ್ದರೆ ಚಳಿಗೆ, ತಲೆಗೆ ಎಳೆದುಕೊಂಡರೆ ಮಳೆಗೆ. ರಾತ್ರಿ ಬೆಲ್ಟು ಬಿಚ್ಚಿದರೆ ಅದೇ ಹೊದಿಕೆ. ದನ ಕಾಯುವವರ, ದನ ಮಾರುವವರ ಬಟ್ಟೆ ಅದು. ಹೈಲ್ಯಾಂಡ್ಸಿನಿಂದ ಕ್ರೀಫ್‌ನ ಜಾತ್ರೆಗೆ, ಆಮೇಲಿನ ಕಾಲದಲ್ಲಿ ಫಾಲ್ಕರ್ಕ್‌ನ ಜಾತ್ರೆಗೆ, ವಾರಗಟ್ಟಲೆ ದನ ಹೊಡೆದುಕೊಂಡು ಬರುತ್ತಿದ್ದವರು ದಾರಿಯುದ್ದಕ್ಕೂ ಬಯಲಲ್ಲಿ ಮಲಗುತ್ತಿದ್ದುದು ತಾವು ಉಟ್ಟ ಬಟ್ಟೆಯೊಳಗೇ.

ಈಗಿನ ಮೊಟಕು ಕಿಲ್ಟ್, ಅಂದರೆ ಹೆಗಲಿನ ಭಾಗವನ್ನು ಬಿಟ್ಟು ಸೊಂಟದಿಂದ ಕೆಳಗಷ್ಟೇ ಉಳಿಸಿಕೊಂಡದ್ದು, 18ನೇ ಶತಮಾನದ ಮೊದಲ ಭಾಗದಲ್ಲಿ ರೂಢಿಗೆ ಬಂತು. ಗ್ಲೆನ್‌ಗ್ಯಾರಿಯಲ್ಲಿ ಕಬ್ಬಿಣದ ಕುಲುಮೆ ನಡೆಸುತ್ತಿದ್ದ ಥಾಮಸ್ ರಾಲಿನ್ಸನ್ ಎಂಬ ಕ್ವೇಕರ್ ಪಂಥದ ಇಂಗ್ಲಿಷಿನವನು ತನ್ನ ಕೂಲಿಯಾಳುಗಳಿಗೆ ಅನುಕೂಲವಾಗಲೆಂದು ಅದನ್ನು ಮಾಡಿಸಿದನೆಂದು 1785ರಲ್ಲಿ ಅಚ್ಚಾದ ಒಂದು ಪತ್ರ ಹೇಳುತ್ತದೆ. ಇತಿಹಾಸಕಾರ ಹ್ಯೂ ಟ್ರೆವರ್-ರೋಪರ್ 1983ರಲ್ಲಿ ಇದನ್ನೇ ಹಿಡಿದು, ಕಿಲ್ಟ್ ಹಳೆಯದೇ ಅಲ್ಲ ಎಂದು ವಾದಿಸಿದರು. ಒಪ್ಪದವರೂ ಬಹಳ ಮಂದಿ ಇದ್ದಾರೆ. ಇಂಗ್ಲಿಷಿನವನು ಕತ್ತರಿಸಿದನೋ ಹೈಲ್ಯಾಂಡಿನವನು ಕತ್ತರಿಸಿದನೋ ಎಂಬ ಜಗಳ ನನಗೆ ಮುಖ್ಯ ಅನ್ನಿಸಿಲ್ಲ. ಯಾರೇ ಕತ್ತರಿಸಿರಲಿ, ದುಡಿಯುವಾಗ ತೊಡಕಾಗಬಾರದೆಂದು ಕತ್ತರಿಸಿದ್ದಾರೆ.

ದುಡಿಯುವವರ ಮೈಮೇಲಿಂದ ಅದನ್ನು ಇಳಿಸಿದ್ದು ಕಾನೂನು. 1746ರ ಏಪ್ರಿಲ್ 16ರಂದು ಕಲಾಡನ್ ಬಯಲಿನಲ್ಲಿ, ರಾಜನ ವಿರುದ್ಧ ದಂಗೆಯೆದ್ದಿದ್ದ, ಹೈಲ್ಯಾಂಡಿನವರೇ ಹೆಚ್ಚಿದ್ದ ಜಾಕೊಬೈಟ್ ಸೇನೆ ಸೋತಿತು. ಅದೇ ವರ್ಷ ಲಂಡನ್ನಿನ ಸಂಸತ್ತು ಹೈಲ್ಯಾಂಡ್ ಉಡುಪನ್ನು ನಿಷೇಧಿಸಿತು. ಗಂಡಸಾಗಲಿ ಹುಡುಗನಾಗಲಿ ಕಿಲ್ಟ್ ಉಟ್ಟು ಸಿಕ್ಕಿಬಿದ್ದರೆ ಆರು ತಿಂಗಳ ಸೆರೆ, ಜಾಮೀನಿಲ್ಲ. ಎರಡನೇ ಸಲ ಸಿಕ್ಕರೆ ಏಳು ವರ್ಷ ಕಡಲಾಚೆಯ ತೋಟಗಳಿಗೆ ಗಡಿಪಾರು. ರಾಜನ ಸೈನ್ಯದಲ್ಲಿದ್ದವರಿಗೆ ಮಾತ್ರ ವಿನಾಯಿತಿ. ಡಂಕನ್ ಬಾನ್ ಮ್ಯಾಕಿಂಟೈರ್ ಎಂಬ ಗೇಲಿಕ್ ಕವಿ ಆ ದಂಗೆಯಲ್ಲಿ ರಾಜನ ಕಡೆಯಿಂದಲೇ ಹೋರಾಡಿದ್ದ. ಕಾನೂನು ಅವನನ್ನೂ ಬಿಡಲಿಲ್ಲ. ಪ್ಯಾಂಟು ಹಾಕಬೇಕಾಗಿ ಬಂದ ಸಿಟ್ಟಿಗೆ ಅವನು ಒಂದು ಹಾಡನ್ನೇ ಕಟ್ಟಿದ. ಓದು ಬರಹ ಬಾರದ ಕವಿ ಅವನು, ಹಾಡುಗಳೆಲ್ಲ ನಾಲಿಗೆಯ ಮೇಲಿದ್ದವು, ಬೇರೆಯವರು ಬರೆದುಕೊಂಡರು. ಅವನ ಸಮಾಧಿ ಎಡಿನ್‌ಬರೋದ ಗ್ರೇಫ್ರಯರ್ಸ್ ಚರ್ಚಿನ ಅಂಗಳದಲ್ಲಿದೆ. ಆ ಕಡೆ ಹೋದಾಗಲೆಲ್ಲ ನಾನು ಅಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಜನ ಸುಮ್ಮನೆ ತಲೆಬಾಗಲಿಲ್ಲ. ಕರ್ನಲ್ ಡೇವಿಡ್ ಸ್ಟುವರ್ಟ್ ಆಫ್ ಗಾರ್ತ್ 1822ರ ತನ್ನ ಪುಸ್ತಕದಲ್ಲಿ ಹಿರಿಯರಿಂದ ಕೇಳಿದ್ದನ್ನು ಬರೆದಿಟ್ಟಿದ್ದಾನೆ. ಕಾನೂನಿಗೆ ಪ್ಯಾಂಟು ಬೇಕು ತಾನೇ ಎಂದು ಕೆಲವರು ಅದನ್ನು ಕೋಲಿಗೆ ಸಿಕ್ಕಿಸಿ ಹೆಗಲ ಮೇಲೆ ಹೊತ್ತು ನಡೆದರಂತೆ. ಕೆಲವರು ಕಿಲ್ಟನ್ನೇ ಕಾಲುಗಳ ನಡುವೆ ನಾಲ್ಕು ಹೊಲಿಗೆ ಹಾಕಿಕೊಂಡರಂತೆ. ಆದರೆ ನಿಷೇಧ ತೆರವಾಗಲು 1782 ಬರಬೇಕಾಯಿತು. ಮೂವತ್ತಾರು ವರ್ಷ ಅಂದರೆ ಒಂದು ತಲೆಮಾರು ಕಳೆದು ಇನ್ನೊಂದು ಬೆಳೆದುಬಿಡುತ್ತದೆ. 1773ರಲ್ಲಿ ಸಾಮ್ಯುಯೆಲ್ ಜಾನ್ಸನ್ ಹೈಲ್ಯಾಂಡ್ಸ್ ಸುತ್ತಿದಾಗ ಪೂರ್ಣ ಹಳೆಯ ಉಡುಪಿನಲ್ಲಿ ಅವನಿಗೆ ಕಂಡದ್ದು ಒಬ್ಬನೇ ಒಬ್ಬ ದೊಡ್ಡಮನುಷ್ಯ. ಅವನೂ ಯಾವಾಗಲೋ ಒಮ್ಮೆ ಶೋಕಿಗೆ ಉಡುತ್ತಿದ್ದನಂತೆ.

ಈ ಕಥೆಯ ಒಂದು ಎಳೆ ನಮ್ಮ ಶ್ರೀರಂಗಪಟ್ಟಣದಲ್ಲೂ ಇದೆ. 1777ರಲ್ಲಿ ಕಟ್ಟಿದ 73ನೇ ಹೈಲ್ಯಾಂಡ್ ದಳ 1780ರಲ್ಲಿ ಮದ್ರಾಸಿಗೆ ಬಂತು. ಅದೇ ಸೆಪ್ಟೆಂಬರಿನ ಪೊಲ್ಲಿಲೂರು ಯುದ್ಧದಲ್ಲಿ ಹೈದರನ ಸೈನ್ಯಕ್ಕೆ ಅವರ ಎರಡು ತುಕಡಿಗಳು ಸಿಕ್ಕಿಬಿದ್ದವು. ನಾಯಕ ಡೇವಿಡ್ ಬೇರ್ಡ್ 1784ರವರೆಗೆ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ. ದರಿಯಾ ದೌಲತ್‌ನ ಗೋಡೆಯ ಮೇಲೆ ನಾವು ನೋಡುವುದು ಆ ಯುದ್ಧವನ್ನೇ. ಆ ಸೈನಿಕರು ಹಡಗು ಹತ್ತಿದಾಗ ಊರಿನಲ್ಲಿ ಉಳಿದ ತಮ್ಮಂದಿರು ಕಿಲ್ಟ್ ಉಟ್ಟರೆ ಜೈಲು. ಇವರು ಸೆರೆಯಲ್ಲಿದ್ದಾಗಲೇ ಅಲ್ಲಿ ನಿಷೇಧ ತೆರವಾಯಿತು. ರಾಜನಿಗಾಗಿ ಸಾಯಲು ಹೊರಟರೆ ಆ ಬಟ್ಟೆ ಸರಿ, ದನ ಕಾಯಲು ಹೊರಟರೆ ಅಪರಾಧ ಎಂಬ ಕಾನೂನನ್ನು ನೆನೆದರೆ ನನಗೆ ಇವತ್ತಿಗೂ ಕೋಪ ಬರುತ್ತದೆ.

ಇನ್ನೊಂದು ಪೆಟ್ಟು ಮೆರವಣಿಗೆಯ ರೂಪದಲ್ಲಿ ಬಿತ್ತು. 1822ರ ಆಗಸ್ಟಿನಲ್ಲಿ ನಾಲ್ಕನೇ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದ. ಸ್ವಾಗತದ ಹೊಣೆ ಹೊತ್ತವನು ಕಾದಂಬರಿಕಾರ ವಾಲ್ಟರ್ ಸ್ಕಾಟ್. ಹೈಲ್ಯಾಂಡ್ಸಿನ ಮುಖ ನೋಡದ ದಕ್ಷಿಣದ ಶ್ರೀಮಂತರೂ ಕಿಲ್ಟ್ ಹೊಲಿಸಿಕೊಂಡರು. ದೊರೆ ತಾನೂ ಉಟ್ಟ, ಒಳಗೆ ಚರ್ಮದ ಬಣ್ಣದ ಬಿಗಿ ಕಾಲುಚೀಲ ಹಾಕಿಕೊಂಡು. ಆ ದಿನಗಳಲ್ಲಿ ಪೂರ್ತಿ ಹೈಲ್ಯಾಂಡ್ ವೇಷದಲ್ಲಿ ಮೆರೆದವರಲ್ಲಿ ಗ್ಲೆನ್‌ಗ್ಯಾರಿಯ ಕುಲನಾಯಕ ಮ್ಯಾಕ್‌ಡೊನೆಲ್ ಪ್ರಮುಖ. ಕುರಿ ಸಾಕಣೆಯ ಲಾಭಕ್ಕಾಗಿ ತನ್ನ ಒಕ್ಕಲುಗಳನ್ನು ನೆಲದಿಂದ ಎಬ್ಬಿಸಿದವನೂ ಅವನೇ. ಆ ಬಟ್ಟೆಯನ್ನು ಕೆಸರಿನಲ್ಲಿ ಉಟ್ಟು ಬದುಕಿದವರ ಮಕ್ಕಳು ಕೆನಡಾದ ಹಡಗು ಹತ್ತುತ್ತಿದ್ದರು, ಅವರನ್ನು ಹತ್ತಿಸಿದವರು ರಾಜಧಾನಿಯಲ್ಲಿ ಅದೇ ಬಟ್ಟೆಯಲ್ಲಿ ಕುಣಿದರು. ಇಂಥ ಕುಲಕ್ಕೆ ಇಂಥ ಚೌಕುಳಿ ಎಂಬ ಪಟ್ಟಿಗಳು ಗಟ್ಟಿಯಾದದ್ದೂ ಬಹುಮಟ್ಟಿಗೆ ಆ ಶತಮಾನದಲ್ಲೇ. ಕಿಲ್ಟ್ ಹಬ್ಬದ ಪೆಟ್ಟಿಗೆ ಸೇರಿದ್ದು ಆಗ, ಇನ್ನೂ ಪೂರ್ತಿ ಹೊರಬಂದಿಲ್ಲ. ಈಗ ಮದುವೆಗೆ ಅದನ್ನು ಬಾಡಿಗೆಗೆ ತರುತ್ತಾರೆ, ಎರಡು ದಿನ ಉಟ್ಟು ವಾಪಸು ಕೊಡುತ್ತಾರೆ.

ಚರಿತ್ರೆ ಸಾಕು. ಕಿಲ್ಟ್ ಹೊಲಿಯುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಎಡಿನ್‌ಬರೋದ ಲೀತ್‌ನ ಒಂದು ಸಣ್ಣ ಕೋಣೆಯಲ್ಲಿ ಕೂತು ಹೊಲಿಯುವ ಹೆಂಗಸೊಬ್ಬರು ನನಗೆ ಪರಿಚಯ. ಒಂದು ಕಿಲ್ಟಿಗೆ ಸುಮಾರು ಎಂಟು ಗಜ ಬಟ್ಟೆ. ಮುಂದೆ ಎರಡು ಸಪಾಟು ಹಾಸುಗಳು ಒಂದರ ಮೇಲೊಂದು ಬರುತ್ತವೆ, ಉಳಿದದ್ದೆಲ್ಲ ಹಿಂದಿನ ನೆರಿಗೆಗೆ. ನೆರಿಗೆ ಮಡಿಸಿದ ಮೇಲೂ ಹೊರಗೆ ಕಾಣುವ ಭಾಗದಲ್ಲಿ ಚೌಕುಳಿ ಮುರಿಯದೆ ಮುಂದುವರಿಯಬೇಕು. ಹಾಗಾಗಿ ಅವರು ಪ್ರತಿ ಮಡಿಕೆಯಲ್ಲೂ ಒಂದು ಪೂರ್ತಿ ವಿನ್ಯಾಸವನ್ನು ನುಂಗಿಸಿ, ಮುಂದಿನ ಗೆರೆಯನ್ನು ಹೊರಗೆ ತರುತ್ತಾರೆ. ಅಷ್ಟೇ ಆಗಿದ್ದರೆ ಸುಲಭ. ಸೊಂಟ ಕಿರಿದು, ನಿತಂಬ ಅಗಲ. ಆದ್ದರಿಂದ ಪ್ರತಿ ನೆರಿಗೆಯೂ ಮೇಲೆ ಹೋಗುತ್ತ ಕೂದಲೆಳೆಯಷ್ಟು ಕಿರಿದಾಗಬೇಕು, ಆದರೂ ಅಡ್ಡಗೆರೆ ಅಡ್ಡಗೆರೆಗೆ ಸೇರಬೇಕು. ಸೂಜಿ ಹೊರಗೆ ಕಾಣದಂತೆ ಬಟ್ಟೆಯ ಅಂಚನ್ನಷ್ಟೇ ಕಚ್ಚಿ ಒಳಗೆ ಜಾರುತ್ತದೆ. ಹತ್ತು ಹೊಲಿಗೆ ಹಾಕಿ ಅವರು ಬಟ್ಟೆಯನ್ನು ದೂರ ಹಿಡಿದು ನೋಡುತ್ತಾರೆ, ಗೆರೆ ಎಳೆಯಷ್ಟು ಸರಿದಿದ್ದರೂ ಹತ್ತನ್ನೂ ಬಿಚ್ಚುತ್ತಾರೆ. ಕೆಳಗಿನ ಅಂಚನ್ನು ಮಾತ್ರ ಮಡಿಸಿ ಹೊಲಿಯುವುದೇ ಇಲ್ಲ. ಮಗ್ಗದಲ್ಲಿ ಬಂದ ಅಂಚೇ ಕಿಲ್ಟಿನ ಅಂಚು. ಅದಕ್ಕೇ ನಡೆಯುವಾಗ ನೆರಿಗೆ ಅಷ್ಟು ಹಗುರಾಗಿ ಬೀಸುತ್ತದೆ. ಕೈಹೊಲಿಗೆಯ ಒಂದು ಕಿಲ್ಟಿಗೆ ನುರಿತವರಿಗೂ ಎರಡು ಮೂರು ದಿನ ಬೇಕು. ಬ್ರಿಟನ್ನಿನ ಹೆರಿಟೇಜ್ ಕ್ರಾಫ್ಟ್ಸ್ ಸಂಸ್ಥೆ ಈ ಕಸುಬನ್ನು ಅಳಿವಿನ ಅಂಚಿನವುಗಳ ಕೆಂಪು ಪಟ್ಟಿಗೆ ಸೇರಿಸಿದೆ. ಬಾಡಿಗೆ ಕಿಲ್ಟಿನ ಊರಿನಲ್ಲಿ ಹೊಲಿಯುವವರು ಕಡಿಮೆಯಾಗದೆ ಇನ್ನೇನಾಗುತ್ತದೆ?

ದಿನವೂ ಉಡುವವನಿಗೆ ಮದುವೆಯ ಸಾಮಾನು ಯಾವುದೂ ಬೇಡ. ಕಾಲುಚೀಲಕ್ಕೆ ಸಿಕ್ಕಿಸುವ ಪುಟ್ಟ ಚೂರಿ, ಬೆಳ್ಳಿಯ ಗುಂಡಿಯ ಕೋಟು, ಸೊಂಟದ ಮುಂದೆ ತೂಗುವ ತುಪ್ಪಳದ ಚೀಲ, ಅಂದರೆ ಸ್ಪೋರನ್, ಎಲ್ಲ ಮನೆಯಲ್ಲೇ ಇರಲಿ. ಒಂದು ಸ್ವೆಟರ್, ದಪ್ಪ ಉಣ್ಣೆಯ ಕಾಲುಚೀಲ, ಗಟ್ಟಿ ಬೂಟು, ಸಾದಾ ತೊಗಲಿನ ಸ್ಪೋರನ್. ಕಿಲ್ಟಿಗೆ ಜೇಬಿಲ್ಲವಾದ್ದರಿಂದ ಬೀಗದ ಕೈ, ಫೋನು, ಬಸ್ಸಿನ ಪಾಸು ಎಲ್ಲವೂ ಅದರಲ್ಲೇ. ಅಳತೆ ಸರಿಯಿರಬೇಕು: ಮೇಲೆ ಹೊಕ್ಕುಳಿನ ಹತ್ತಿರ, ಕೆಳಗೆ ಮೊಣಕಾಲ ಚಿಪ್ಪಿನ ನಡುವಿಗೆ. ಗಂಡಸರ ಕಿಲ್ಟಿನಲ್ಲಿ ಮೇಲಿನ ಹಾಸು ಬಲಗಡೆಗೆ ಮುಗಿಯುತ್ತದೆ. ಪಿನ್ನನ್ನು ಮೇಲಿನ ಹಾಸಿಗೆ ಮಾತ್ರ ಚುಚ್ಚಬೇಕು. ಎರಡೂ ಹಾಸು ಸೇರಿಸಿ ಚುಚ್ಚಿದರೆ ಕೂತಾಗ ಬಟ್ಟೆ ಜಗ್ಗಿ ಹರಿಯುತ್ತದೆ. ಕೂರುವಾಗ ಅಂಗೈಯ ಹಿಂಬದಿಯಿಂದ ನೆರಿಗೆಯನ್ನು ಒಮ್ಮೆ ಕೆಳಕ್ಕೆ ಸವರಿಕೊಳ್ಳಬೇಕು. ಇದು ಕೆಲವು ದಿನಗಳಲ್ಲಿ ಕೈಗೆ ತಾನಾಗಿ ಬರುತ್ತದೆ. ಗಾಳಿಯ ಭಯ ಹೊಸಬರಿಗೆ. ಒಳ್ಳೆಯ ಉಣ್ಣೆಯಾದರೆ ನೆರಿಗೆಯ ಭಾರವೇ ಅದನ್ನು ಕೆಳಗಿಡುತ್ತದೆ. ಗಜಕ್ಕೆ 16 ಔನ್ಸ್ ತೂಗುವ ಬಟ್ಟೆ ಎಡಿನ್‌ಬರೋದ ಜನವರಿ ಗಾಳಿಗೂ ಜಗ್ಗುವುದಿಲ್ಲ. ನಿಜವಾದ ಕಷ್ಟ ಬೇಸಿಗೆಯಲ್ಲಿ, ಪಶ್ಚಿಮ ಹೈಲ್ಯಾಂಡ್ಸಿನ ಗಾಳಿಯಾಡದ ಸಂಜೆಗಳಲ್ಲಿ. ಮಿಜ್ ಎಂಬ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಚ್ಚುವ ನೊಣಗಳು ಮೊಣಕಾಲನ್ನು ಹುಡುಕಿಕೊಂಡು ಬರುತ್ತವೆ.

ಒಳಗೆ ಏನು ಹಾಕಿದ್ದೀಯ ಎಂಬ ಪ್ರಶ್ನೆ ಮಾತ್ರ ತಮಾಷೆಯಲ್ಲ. ದಾರಿಯಲ್ಲಿ ಹೋಗುವ ಹೆಂಗಸನ್ನು ಯಾರಾದರೂ ಹೀಗೆ ಕೇಳಿದರೆ ನಾವು ಏನನ್ನುತ್ತೇವೆ? ಕುಡಿದವರು ಹಿಂದಿನಿಂದ ಬಂದು ಬಟ್ಟೆ ಎತ್ತಿದ್ದನ್ನು ನಾನೂ ಅನುಭವಿಸಿದ್ದೇನೆ. ಇನ್ವರ್ನೆಸ್‌ನ ಪಬ್ ಒಂದರ ನೌಕರರು ಗಿರಾಕಿಗಳ ಇಂಥ ಕಾಟಕ್ಕೆ ಬೇಸತ್ತು ಕಿಲ್ಟ್ ಉಡುವುದನ್ನೇ ಬಿಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ವೇಷವೆಂದು ಕಂಡದ್ದಕ್ಕೆ ಜನ ಕೈಹಾಕುತ್ತಾರೆ, ಬಟ್ಟೆಯೆಂದು ಕಂಡದ್ದಕ್ಕೆ ಹಾಕುವುದಿಲ್ಲ. ಬೀದಿಯಲ್ಲಿ ಹತ್ತು ಮಂದಿ ದಿನವೂ ಉಟ್ಟು ಓಡಾಡಿದರೆ ಈ ಪ್ರಶ್ನೆ ತಾನಾಗಿ ನಿಲ್ಲುತ್ತದೆ ಎಂದು ನಾನು ನಂಬಿದ್ದೇನೆ.

ಹೊರಗಿನವನಿಗೆ ಈ ಉಡುಪಿನ ಹಕ್ಕು ಉಂಟೇ ಎಂದು ಕೇಳುವವರು ನಮ್ಮವರೇ ಹೆಚ್ಚು. ಇಲ್ಲಿಯವರು ಹಾಗೆ ಕೇಳಿದ್ದು ಕಡಿಮೆ. ಬ್ಲ್ಯಾಕ್ ವಾಚ್, ಕ್ಯಾಲೆಡೋನಿಯಾ ಮುಂತಾದ ಟಾರ್ಟನ್‌ಗಳನ್ನು, ಅಂದರೆ ಚೌಕುಳಿ ವಿನ್ಯಾಸಗಳನ್ನು, ಯಾರು ಬೇಕಾದರೂ ಉಡಬಹುದು. ಇಲ್ಲಿ ನೆಲೆಸಿದ ಸಿಖ್ಖರು ಸಿಂಗ್ ಹೆಸರಿನ ಟಾರ್ಟನ್ನನ್ನೇ ನೋಂದಾಯಿಸಿಕೊಂಡಿದ್ದಾರೆ. ನಾನು ಹೆಚ್ಚಾಗಿ ಉಡುವುದು ಚೌಕುಳಿಯಿಲ್ಲದ ಬೂದುಹಸಿರು ಟ್ವೀಡ್ ಕಿಲ್ಟ್. ಕುಲ ಗೋತ್ರಗಳ ಮಾತು ಅಲ್ಲಿಗೆ ಮುಗಿಯುತ್ತದೆ.

ಯುಗಾದಿಯ ಕೂಟದಲ್ಲಿ ಸ್ನೇಹಿತರೊಬ್ಬರು "ಊರಲ್ಲಿ ಪಂಚೆ ಉಡದವನು ಇಲ್ಲಿ ಲಂಗ ಉಟ್ಟಿದ್ದಾನೆ" ಎಂದರು. ನಾನು ಊರಲ್ಲಿ ಪಂಚೆಯನ್ನೇ ಉಡುತ್ತೇನೆ. ಆದರೆ ಅವರ ಮಾತಿನಲ್ಲಿ ಒಂದು ನಿಜವಿತ್ತು. ಪಂಚೆಯೂ ನಮ್ಮಲ್ಲಿ ಮದುವೆಮನೆಯ ದಾರಿ ಹಿಡಿದಿದೆ. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದಕ್ಕೆ ಮಗನೊಡನೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ಹಿರಿಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ಬಾಗಿಲಲ್ಲೇ ತಡೆದರು. ಮುಖ್ಯಮಂತ್ರಿ ಪಂಚೆಯಲ್ಲೇ ವಿಧಾನಸೌಧಕ್ಕೆ ಹೋಗುತ್ತಿದ್ದ ಹೊತ್ತಿನಲ್ಲಿ ಇದು ನಡೆಯಿತು. ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಅದಕ್ಕೂ ಮೊದಲು, 2014ರಲ್ಲಿ, ಚೆನ್ನೈನ ಕ್ಲಬ್ಬೊಂದು ವೇಷ್ಟಿ, ಅಂದರೆ ಪಂಚೆ, ಉಟ್ಟ ಹೈಕೋರ್ಟ್ ನ್ಯಾಯಮೂರ್ತಿಯನ್ನು ಒಳಬಿಡದಿದ್ದಾಗ ತಮಿಳುನಾಡು ವಿಧಾನಸಭೆ ಅದೇ ವರ್ಷ ಕಾನೂನು ಮಾಡಿ, ಹೀಗೆ ತಡೆಯುವ ಕ್ಲಬ್ಬಿನ ಪರವಾನಗಿ ರದ್ದಾಗುವಂತೆ ಮಾಡಿತು. ಕಾನೂನು ಬಾಗಿಲು ತೆರೆಸುತ್ತದೆ, ಒಳ್ಳೆಯದೇ. ಆಫೀಸಿಗೆ ಪಂಚೆ ಉಟ್ಟು ಹೋಗುವ ಮೂವತ್ತರ ಹುಡುಗ ಎಲ್ಲಿದ್ದಾನೆ ಎಂದು ಹುಡುಕಿದರೆ ಮಾತ್ರ ಸಿಗುವುದಿಲ್ಲ.

ಇಲ್ಲಿ ಕಿಲ್ಟ್ ಉಟ್ಟ ಅಂಥ ಹುಡುಗರು ಕಾಣತೊಡಗಿದ್ದಾರೆ, ಅದು ನನಗೆ ಸಂತೋಷ. ಸ್ಕಾಟ್ಲೆಂಡ್ ಫುಟ್‌ಬಾಲ್ ತಂಡದ ಅಭಿಮಾನಿಗಳು ಕಿಲ್ಟಿನ ಮೇಲೆ ತಂಡದ ಅಂಗಿ ತೊಟ್ಟು ದೇಶ ದೇಶ ಸುತ್ತುತ್ತಾರೆ, 2024ರ ಯೂರೋ ಪಂದ್ಯಗಳಲ್ಲಿ ಮ್ಯೂನಿಕ್ ಬೀದಿಗಳ ತುಂಬ ಅವರೇ. ಹೋವಿ ನಿಕೋಲ್ಸ್‌ಬಿ 1996ರಲ್ಲಿ ಎಡಿನ್‌ಬರೋದಲ್ಲಿ ಶುರುಮಾಡಿದ ಉದ್ಯಮ ಡೆನಿಮ್ಮಿನಲ್ಲಿ, ತೊಗಲಿನಲ್ಲಿ, ಟ್ವೀಡಿನಲ್ಲಿ ಕಿಲ್ಟ್ ಹೊಲಿಯುತ್ತ ಬಂದಿದೆ. ಅವರು ತಾವೂ ದಿನವೂ ಉಡುವವರು. 2000ದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಶುರುವಾದ ಯುಟಿಲಿಕಿಲ್ಟ್ಸ್ ಬಡಗಿಗಳಿಗೆ, ಮೆಕ್ಯಾನಿಕ್‌ಗಳಿಗೆಂದು ದಪ್ಪ ಕ್ಯಾನ್‌ವಾಸಿನಲ್ಲಿ ಜೇಬುಗಳಿರುವ ಕಿಲ್ಟ್ ಮಾಡಿತು. ಶುದ್ಧ ಸಂಪ್ರದಾಯದವರು ಇದನ್ನು ಕಿಲ್ಟೆಂದು ಒಪ್ಪುವುದಿಲ್ಲ. ನನ್ನ ತೀರ್ಮಾನ ಬೇರೆ. ಸುತ್ತಿಗೆ ತೂಗುಹಾಕಲು ಪಟ್ಟಿಯಿರುವ ಕಿಲ್ಟ್, ಬಾಡಿಗೆಗೆ ತಂದ ಬೆಳ್ಳಿಗುಂಡಿಯ ಕಿಲ್ಟಿಗಿಂತ ಆ ಹಳೆಯ ದನಗಾಹಿಗಳಿಗೆ ಹತ್ತಿರದ ನೆಂಟ.

ಎಡಿನ್‌ಬರೋಗೆ ಬರುವ ಕನ್ನಡಿಗರು ರಾಯಲ್ ಮೈಲ್ ಬೀದಿಯಲ್ಲಿ ಅಗ್ಗದ ಅಕ್ರಿಲಿಕ್ ಕಿಲ್ಟ್ ಕೊಂಡು, ಫೋಟೋ ತೆಗೆಸಿಕೊಂಡು, ಸೂಟ್‌ಕೇಸಿನ ತಳಕ್ಕೆ ಹಾಕುವುದನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಹೊಸ ಕೈಹೊಲಿಗೆಯದಕ್ಕೆ ಹಲವು ನೂರು ಪೌಂಡ್ ಬೇಕು, ನಿಜ. ಆದರೆ ಇದೇ ಊರಿನ ಸ್ಟಾಕ್‌ಬ್ರಿಜ್‌ನ ಚಾರಿಟಿ ಅಂಗಡಿಗಳಲ್ಲಿ ಯಾರೋ ಉಟ್ಟುಬಿಟ್ಟ ಒಳ್ಳೆಯ ಉಣ್ಣೆಯ ಕಿಲ್ಟುಗಳು ಅದರ ಸಣ್ಣ ಪಾಲಿನ ಬೆಲೆಗೆ ಸಿಗುತ್ತವೆ. ಒಳಗಡೆ ಕ್ಯಾನ್‌ವಾಸ್ ಇದೆಯೇ, ನೆರಿಗೆಯನ್ನು ಕೈಯಲ್ಲಿ ಹೊಲಿದಿದ್ದಾರೆಯೇ ಎಂದು ನೋಡಿಕೊಳ್ಳಿ. ಬಕಲ್ಲುಗಳನ್ನು ಸರಿಸಿ ಸೊಂಟದ ಅಳತೆ ಹೊಂದಿಸಿಕೊಡುವವರು ಸಿಗುತ್ತಾರೆ. ಮನೆಗೆ ಒಯ್ದ ಮೇಲೆ ಬ್ರಷ್ ಮಾಡಿ, ಸೊಂಟದ ಪಟ್ಟಿ ಹಿಡಿದು ತೂಗುಹಾಕಿ, ಕಪಾಟಿನಲ್ಲಿ ಮಡಿಸಿಡಬೇಡಿ. ಉಣ್ಣೆಯ ನುಸಿ ಮೊಟ್ಟೆಯಿಡುವುದು ಕತ್ತಲಲ್ಲಿ ಅಲುಗಾಡದೆ ಬಿದ್ದಿರುವ ಬಟ್ಟೆಯಲ್ಲಿ. ಆಗಾಗ ಉಟ್ಟು ಕೊಡವುವ ಕಿಲ್ಟಿನ ಹತ್ತಿರ ಅದು ಸುಳಿಯುವುದು ಕಡಿಮೆ.